ಮುಕ್ಕಾದ ಹಲ್ಲು, ಬೆಳೆಯುತ್ತಿದ್ದ ಬೇರು: ಎಂಟು ವರ್ಷದ ಹುಡುಗನ ಒಂದು ಪ್ರಕರಣ

2022ರ ನವೆಂಬರ್, ಒಂದು ಶುಕ್ರವಾರ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಮಗನ ಶಾಲೆಯಿಂದ ಫೋನ್ ಬಂತು. "ಮೇಡಂ, ಗಾಬರಿ ಮಾಡ್ಕೋಬೇಡಿ. ಖೋ ಖೋ ಆಡ್ತಾ ಕಂಬಕ್ಕೆ ಬಾಯಿ ಬಡಿದುಕೊಂಡಿದಾನೆ. ಮುಂದಿನ ಹಲ್ಲು ಸ್ವಲ್ಪ ಮುಕ್ಕಾಗಿದೆ."

ನಾವಿರುವುದು ಸಾಗರದಲ್ಲಿ. ಮಗನಿಗೆ ಆಗ ಎಂಟು ವರ್ಷ ಮೂರು ತಿಂಗಳು, ಮೂರನೇ ಕ್ಲಾಸು. ನಾನು ಕೆಲಸ ಮಾಡುವ ಸೊಸೈಟಿಯಿಂದ ಶಾಲೆಗೆ ಹತ್ತು ನಿಮಿಷದ ದಾರಿ. ಹೋದಾಗ ಅವನು ಜಗಲಿಯ ಬೆಂಚಿನ ಮೇಲೆ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದ. ಮೇಲ್ತುಟಿ ಊದಿತ್ತು, ಒಳಗಡೆ ಒಂದು ಸೀಳು. ಬಾಯಿ ತೆರೆಸಿ ನೋಡಿದೆ. ಮೇಲಿನ ಸಾಲಿನ ಬಲಗಡೆಯ ಬಾಚಿಹಲ್ಲು ಓರೆಯಾಗಿ ಮುರಿದಿತ್ತು. ಮೂರರಲ್ಲಿ ಒಂದು ಪಾಲು ಹೋಗಿತ್ತು. ಮುರಿದ ಜಾಗ ಹಳದಿಯಾಗಿ ಕಾಣುತ್ತಿತ್ತು. ಅದರ ನಡುವೆ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ಒಂದು ಕೆಂಪು ಚುಕ್ಕೆ. ಬಾಯಿಂದ ಉಸಿರು ಎಳೆದುಕೊಂಡಾಗೆಲ್ಲ ಅವನು ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದ. ಗಾಳಿ ತಾಗಿದರೂ ಜುಂ ಅನ್ನುತ್ತಿತ್ತು.

ನಾನು ಆಗ ನೋಡಿದ್ದು ಅವನ ಮುಖವನ್ನು. ನಗುವಾಗ ಹೇಗೆ ಕಾಣುತ್ತಾನೋ, ಮುಂದೆ ಏನು ಗತಿಯೋ ಎಂಬ ಚಿಂತೆ. ನೋಡಬೇಕಾಗಿದ್ದು ಆ ಕೆಂಪು ಚುಕ್ಕೆಯನ್ನು. ಮುಂದಿನ ಎರಡು ವರ್ಷ ನಡೆದದ್ದೆಲ್ಲ ಆ ಚುಕ್ಕೆಯ ಸುತ್ತಲೇ.

ಹೊರಡುವಾಗ ಅವನ ಕ್ಲಾಸಿನ ಹುಡುಗಿಯೊಬ್ಬಳು ಓಡಿ ಬಂದು ನೋಟ್‌ಬುಕ್ ಹಾಳೆಯ ಒಂದು ಪೊಟ್ಟಣ ಕೈಗಿಟ್ಟಳು. "ಆಂಟಿ, ಇದು ಅವನ ಹಲ್ಲು. ಮಣ್ಣಲ್ಲಿ ಬಿದ್ದಿತ್ತು, ಹುಡುಕಿದೆ." ದೊಡ್ಡವರು ಯಾರಿಗೂ ಹೊಳೆಯದ್ದು ಆ ಮಗುವಿಗೆ ಹೊಳೆದಿತ್ತು. ನಾನೂ ಚೂರು ಎಲ್ಲಿ ಅಂತ ಕೇಳಿರಲಿಲ್ಲ.

ಮನೆಯಲ್ಲಿ ಕಳೆದ ಅರ್ಧ ಗಂಟೆ

ಅಂಗಿ ಬದಲಿಸಿ ದುಡ್ಡು ತೆಗೆದುಕೊಳ್ಳಲು ಮನೆಗೆ ಬಂದೆವು. ಅತ್ತೆ ಪೊಟ್ಟಣ ಬಿಚ್ಚಿ ನೋಡಿ, "ಹಲ್ಲು ಬಿತ್ತೇನೋ ಮಗಾ? ಸಗಣೀಲಿ ಇಟ್ಟು ಹೆಂಚಿನ ಮೇಲೆ ಎಸೀರಿ, ಹೊಸದು ಬರುತ್ತೆ" ಎಂದರು. ನಮ್ಮ ಕಡೆ ಹಾಲುಹಲ್ಲು ಬಿದ್ದರೆ ಹಾಗೇ ಮಾಡುವುದು. ಇದೇ ಜಾಗದ ಹಾಲುಹಲ್ಲನ್ನು ಒಂದೂವರೆ ವರ್ಷದ ಹಿಂದೆ ಅಜ್ಜಿ ಮೊಮ್ಮಗ ಸೇರಿ ಅದೇ ಹೆಂಚಿನ ಮೇಲೆ ಎಸೆದಿದ್ದರು.

"ಅತ್ತೆ, ಇದು ಹಾಲುಹಲ್ಲಲ್ಲ" ಎಂದೆ. ಗುರುತು ಹಿಡಿಯುವುದು ಕಷ್ಟವಲ್ಲ. ಮೇಲಿನ ನಡುವಿನ ಎರಡು ಹಲ್ಲು ಸಾಮಾನ್ಯವಾಗಿ ಏಳರಿಂದ ಎಂಟು ವರ್ಷದೊಳಗೆ ಹೊಸದಾಗಿ ಬರುತ್ತವೆ. ಪಕ್ಕದ ಹಾಲುಹಲ್ಲಿಗಿಂತ ಅವು ಅಗಲ, ಬಣ್ಣ ಸ್ವಲ್ಪ ಹಳದಿ. ಹೊಸದಾಗಿ ಬಂದ ಹಲ್ಲಾದರೆ ಅಂಚಿನಲ್ಲಿ ಗರಗಸದ ಹಾಗೆ ಮೂರು ಸಣ್ಣ ಉಬ್ಬು ಇರುತ್ತವೆ. ಕೈಯಲ್ಲಿದ್ದ ಚೂರಿನ ಅಂಚಿನಲ್ಲೂ ಅಂಥ ಎರಡು ಉಬ್ಬು ಇದ್ದವು. ಅಂದರೆ ಇದು ಜೀವನಪೂರ್ತಿ ಇರಬೇಕಾದ ಹಲ್ಲು. ಇನ್ನೊಂದು ಬರುವುದಿಲ್ಲ.

ದೊಡ್ಡಪ್ಪನ ಮಗಳು ಉಡುಪಿ ಕಡೆ ನರ್ಸ್ ಆಗಿದ್ದಾಳೆ. ಅವಳಿಗೆ ಫೋನ್ ಮಾಡಿದೆ. ಅಕ್ಕ ಹಲ್ಲಿನ ವಿಚಾರಕ್ಕೆ ಬರುವ ಮುಂಚೆ ಬೇರೆಯದನ್ನೇ ಕೇಳಿದಳು. ಪ್ರಜ್ಞೆ ತಪ್ಪಿತ್ತಾ? ವಾಂತಿ ಆಯ್ತಾ? ತಲೆನೋವು, ಮಂಪರು ಏನಾದ್ರೂ? ಯಾವುದೂ ಇಲ್ಲ ಎಂದ ಮೇಲೆ, "ಚೂರು ಸಿಕ್ತಾ? ಕಾಗದದಲ್ಲಾ? ಮೊದಲು ಅದನ್ನ ನೀರಿಗೆ ಹಾಕು ಮಾರಾಯ್ತಿ" ಎಂದಳು.

ಮುರಿದ ಚೂರು ಒಣಗಬಾರದು. ಒಣಗಿದರೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ, ಅಂಟಿಸಿದಾಗ ಹಿಡಿತವೂ ಕಡಿಮೆ. ಅದಕ್ಕೆ ನಲ್ಲಿ ನೀರೇ ಸಾಕು. ಹಾಲೇ ಆಗಬೇಕು ಅಂತಿಲ್ಲ. ಹಾಲು ಮುಖ್ಯವಾಗುವುದು ಬೇರು ಸಮೇತ ಇಡೀ ಹಲ್ಲು ಕಿತ್ತುಬಂದಾಗ. ಆ ಬೇರಿನ ಮೇಲೆ ಜೀವಂತ ಕಣಗಳಿರುತ್ತವೆ, ನೀರಿನಲ್ಲಿ ಅವು ಸಾಯುತ್ತವೆ, ತಣ್ಣನೆ ಹಾಲಿನಲ್ಲಿ ಸ್ವಲ್ಪ ಹೊತ್ತು ಉಳಿಯುತ್ತವೆ. ಮಕ್ಕಳಿರುವ ಮನೆಯವರಿಗೆ ಇದು ಗೊತ್ತಿರಬೇಕು ಅಂತ ಇಲ್ಲೇ ಹೇಳಿಬಿಡುತ್ತೇನೆ. ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಬೇರನ್ನು ಮುಟ್ಟಬಾರದು, ಉಜ್ಜಬಾರದು. ಬಾಯಲ್ಲಿ ಕಾಣುವ ಭಾಗವನ್ನೇ ಹಿಡಿದು, ಕೊಳೆಯಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ, ಅದೇ ಗುಳಿಗೆ ಮೆಲ್ಲಗೆ ಕೂರಿಸಿ, ಬಟ್ಟೆ ಕಚ್ಚಿಸಿ, ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಕೂರಿಸಲು ಧೈರ್ಯ ಬರದಿದ್ದರೆ ಹಾಲಿನಲ್ಲಿ ಹಾಕಿಕೊಂಡು ಹೋಗಬೇಕು. ಅಲ್ಲಿ ನಿಮಿಷ ನಿಮಿಷಕ್ಕೂ ಬೆಲೆ ಇದೆ. ಹಾಲುಹಲ್ಲು ಕಿತ್ತು ಬಂದರೆ ಮಾತ್ರ ಮತ್ತೆ ಕೂರಿಸಲೇಬಾರದು. ಒಳಗೆ ಕಾದಿರುವ ಹೊಸ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ.

ನಮ್ಮದು ಇವೆರಡೂ ಅಲ್ಲ. ಉಪ್ಪಿನಕಾಯಿ ಹಾಕಿ ಕೊಡುವ ಸಣ್ಣ ಸ್ಟೀಲ್ ಡಬ್ಬಿಯನ್ನು ತೊಳೆದು, ನೀರು ತುಂಬಿ, ಚೂರನ್ನು ಹಾಕಿದೆ. ಅಷ್ಟರಲ್ಲಿ ಅದು ಒಂದು ಗಂಟೆ ಕಾಗದದಲ್ಲಿ ಒಣಗಿತ್ತು.

ಮೊದಲ ಸಲಹೆ

ಐದೂವರೆಗೆ ಊರಿನ ಒಂದು ದಂತ ಕ್ಲಿನಿಕ್‌ಗೆ ಹೋದೆವು. ಡಾಕ್ಟರು ತಾಳ್ಮೆಯಿಂದಲೇ ನೋಡಿದರು, ಎಕ್ಸ್‌ರೇ ತೆಗೆದರು. "ನರ ತೆರೆದುಕೊಂಡಿದೆ. ರೂಟ್ ಕೆನಾಲ್ ಮಾಡಿ ಆಮೇಲೆ ಕ್ಯಾಪ್ ಹಾಕೋಣ. ಮೂರು ಸಲ ಬರಬೇಕಾಗುತ್ತೆ" ಎಂದರು. ಚೂರನ್ನು ತೋರಿಸಿದೆ. ಅದು ಬೇಕಾಗುವುದಿಲ್ಲ ಎಂದರು.

ನನ್ನ ಗಂಡ ಒಪ್ಪಿಕೊಳ್ಳುವವರಿದ್ದರು. ನಾನೂ ಒಪ್ಪುತ್ತಿದ್ದೆ. ನೋವಿನಲ್ಲಿರುವ ಮಗುವನ್ನು ಕೂರಿಸಿಕೊಂಡು ಯಾರು ವಾದ ಮಾಡುತ್ತಾರೆ? ಆದರೂ ಹೊರಗೆ ಬಂದು ಅಕ್ಕನಿಗೆ ಮತ್ತೆ ಫೋನ್ ಮಾಡಿದೆ. ಅವಳು ಒಂದೇ ಮಾತು ಕೇಳಿದಳು. "ಬೇರು ಪೂರ್ತಿ ಬೆಳೆದಿದ್ಯಾ ಅಂತ ಕೇಳು."

ಒಳಗೆ ಹೋಗಿ ಕೇಳಿದೆ. ಡಾಕ್ಟರು ಪರದೆ ಮೇಲಿನ ಎಕ್ಸ್‌ರೇ ಕಡೆ ತಿರುಗಿದರು. "ಇಲ್ಲ, ತುದಿ ಇನ್ನೂ ತೆರೆದಿದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಕ್ಕಳ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸೋದಾದ್ರೆ ತೋರಿಸಿ. ಇವತ್ತಿಗೆ ನಾನು ಮುಚ್ಚಿ ಕೊಡ್ತೀನಿ" ಅಂತ ಅವರೇ ಹೇಳಿದರು. ಮುರಿದ ಜಾಗದ ಮೇಲೆ ತಾತ್ಕಾಲಿಕವಾಗಿ ಸಿಮೆಂಟ್ ಹಚ್ಚಿದರು. ಹಚ್ಚಿದ ಕೂಡಲೇ ಗಾಳಿ ತಾಗುವ ನೋವು ನಿಂತಿತು. ಪರದೆಯ ಫೋಟೋ ತೆಗೆದುಕೊಳ್ಳಲಾ ಎಂದು ಕೇಳಿದೆ, ಒಪ್ಪಿದರು. ಆ ಫೋಟೋ ಇವತ್ತಿಗೂ ನನ್ನ ಫೋನಿನಲ್ಲಿದೆ. ಆಮೇಲಿನ ಎಲ್ಲ ಎಕ್ಸ್‌ರೇಗಳನ್ನೂ ಅದರ ಪಕ್ಕದಲ್ಲಿಟ್ಟೇ ನೋಡಿದ್ದು.

ಬೇರಿನ ಮಾತು ಯಾಕೆ?

ಹಲ್ಲಿನಲ್ಲಿ ಮೂರು ಪದರ. ಹೊರಗಿನ ಗಟ್ಟಿ ಬಿಳಿ ಪದರ ಎನಾಮಲ್. ಅದರ ಒಳಗೆ ಹಳದಿಯ ಡೆಂಟಿನ್. ಅದರೊಳಗೆ ರಕ್ತನಾಳ, ನರ ಎಲ್ಲ ಇರುವ ಮೆತ್ತಗಿನ ತಿರುಳು. ನಾವೆಲ್ಲ ನರ ನರ ಅನ್ನುವುದು ಈ ತಿರುಳಿಗೇ. ಎನಾಮಲ್ ಮಾತ್ರ ಚಕ್ಕೆ ಎದ್ದರೆ ಚೂಪಾದ ಅಂಚನ್ನು ಉಜ್ಜಿ ನಯ ಮಾಡಿದರೆ ಎಷ್ಟೋ ಸಲ ಮುಗಿಯಿತು. ಡೆಂಟಿನ್ ಕಂಡರೆ ತಣ್ಣನೆಯದು, ಗಾಳಿ ತಾಗಿ ಜುಂ ಅನ್ನುತ್ತದೆ. ಅದನ್ನು ಬೇಗ ಮುಚ್ಚಬೇಕು. ಡೆಂಟಿನ್ನಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೊಳವೆಗಳಿವೆ, ರೋಗಾಣುಗಳು ಅದರ ಮೂಲಕ ಒಳಗೆ ಇಳಿಯುತ್ತವೆ. ಕೆಂಪು ಚುಕ್ಕೆ ಕಂಡರೆ ತಿರುಳೇ ಬಾಯಿಗೆ ತೆರೆದುಕೊಂಡಿದೆ ಅಂತ ಅರ್ಥ.

ದೊಡ್ಡವರಲ್ಲಿ ಇಂಥ ಹಲ್ಲಿಗೆ ಎಷ್ಟೋ ಸಲ ರೂಟ್ ಕೆನಾಲ್ ಮಾಡುತ್ತಾರೆ, ಅಂದರೆ ತಿರುಳನ್ನು ಪೂರ್ತಿ ತೆಗೆದು ಆ ಜಾಗವನ್ನು ತುಂಬುತ್ತಾರೆ. ಆದರೆ ಎಂಟು ವರ್ಷದವರ ಹಲ್ಲು ಹೊರಗಿನಿಂದ ಪೂರ್ತಿ ಕಂಡರೂ ಒಳಗೆ ಇನ್ನೂ ಕಟ್ಟುತ್ತಿರುವ ಮನೆ. ಹಲ್ಲು ವಸಡಿನಿಂದ ಹೊರಬಂದ ಮೇಲೂ ಬೇರು ಪೂರ್ತಿಯಾಗಲು ಸುಮಾರು ಮೂರು ವರ್ಷ ಬೇಕು. ಮುಂದಿನ ಹಲ್ಲುಗಳಿಗೆ ಹತ್ತು ವರ್ಷದ ಹೊತ್ತಿಗೆ ಅದು ಮುಗಿಯುತ್ತದೆ. ಅಲ್ಲಿಯವರೆಗೆ ಬೇರಿನ ಗೋಡೆ ತೆಳು, ತುದಿ ಕಹಳೆಯ ಬಾಯಿಯ ಹಾಗೆ ಅಗಲ. ಆ ಗೋಡೆಯನ್ನು ದಪ್ಪ ಮಾಡುವುದು, ತುದಿಯನ್ನು ಮುಚ್ಚುವುದು ತಿರುಳಿನ ಕೆಲಸ. ತಿರುಳನ್ನೇ ತೆಗೆದುಹಾಕಿದರೆ ಬೇರು ಇದ್ದಲ್ಲೇ ನಿಲ್ಲುತ್ತದೆ. ಹಾಗೆ ನಿಂತ ತೆಳು ಬೇರು ಮುಂದೆ ಯಾವತ್ತಾದರೂ ಸಣ್ಣ ಪೆಟ್ಟಿಗೂ ವಸಡಿನ ಮಟ್ಟದಲ್ಲಿ ಮುರಿಯಬಹುದು. ಆಗ ಹಲ್ಲೇ ಹೋಯಿತು.

ನಾನು ಇದನ್ನು ಬರೆಯಲು ಕೂತಿದ್ದೇ ಈ ಒಂದು ಮಾತಿಗಾಗಿ. ಮಗುವಿನ ಮುಂದಿನ ಹಲ್ಲು ಮುರಿದಾಗ ನಮ್ಮ ಕಣ್ಣು ಹೋಗುವುದು ಮುರಿದ ತುದಿಗೆ. ಅಂದಚಂದ ಹದಿನೆಂಟು ವರ್ಷಕ್ಕೂ ಸರಿ ಮಾಡಬಹುದು. ಬೇರು ಬೆಳೆಯುವ ಕಾಲ ಮಾತ್ರ ಮತ್ತೆ ಸಿಗುವುದಿಲ್ಲ.

ಶಿವಮೊಗ್ಗಕ್ಕೆ

ಅಕ್ಕ ರಾತ್ರಿಯೇ ಶಿವಮೊಗ್ಗದ ಒಬ್ಬ ಮಕ್ಕಳ ದಂತವೈದ್ಯೆಯ ನಂಬರ್ ಹುಡುಕಿ ಕೊಟ್ಟಳು. ಫೋಟೋ ಕಳಿಸಿದೆ. "ನಾಳೆ ಬೆಳಗ್ಗೆ ಕರ್ಕೊಂಡು ಬನ್ನಿ. ಚೂರು ಮರೀಬೇಡಿ" ಅಂತ ಉತ್ತರ ಬಂತು. ರಾತ್ರಿ ಗಂಜಿ, ಮೇಲೆ ಆರಿದ ತಂಬುಳಿ. ತುಟಿಗೆ ತಣ್ಣೀರಿನ ಬಟ್ಟೆ. ಮಲಗುವಾಗ ಅವನು ಕೇಳಿದ್ದು ಒಂದೇ. "ಅಮ್ಮಾ, ಸೋಮವಾರ ಎಲ್ರೂ ನನ್ನ ನೋಡಿ ನಗ್ತಾರಾ?" ನಾನು ಅವನ ತಲೆ ಸವರುತ್ತ ಕೂತೆ. ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಎಂಟು ಗಂಟೆಯ ಬಸ್ಸು. ಎಪ್ಪತ್ತು ಕಿಲೋಮೀಟರ್ ದಾರಿ. ಸ್ಟೀಲ್ ಡಬ್ಬಿ ಅವನ ಮಡಿಲಲ್ಲಿ. ಆನಂದಪುರದಲ್ಲಿ ಬಸ್ಸು ನಿಂತಾಗ ಮುಚ್ಚಳ ತೆಗೆದು ಇದೆಯಾ ಅಂತ ನೋಡಿದ, ಆಯನೂರಿನಲ್ಲಿ ಇನ್ನೊಮ್ಮೆ.

ಡಾಕ್ಟರು ಮೊದಲು ಹಲ್ಲು ನೋಡಲೇ ಇಲ್ಲ. ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ದವಡೆಯ ಕೀಲಿಗೆ ಪೆಟ್ಟಾಗಿದೆಯಾ ಎಂದು ತಿಳಿಯಲು ಹಾಗೆ ಮಾಡುತ್ತಾರೆ. ಆಮೇಲೆ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಎರಡು ಕಡೆಯಿಂದ ಅಲುಗಾಡಿಸಿ ನೋಡಿದರು. ಮುರಿಯದ ಪಕ್ಕದ ಹಲ್ಲನ್ನು ತಟ್ಟಿದಾಗ ಅವನು ಮುಖ ಹಿಂಡಿದ. "ಇದಕ್ಕೂ ಪೆಟ್ಟು ಬಿದ್ದಿದೆ. ಹೊರಗೆ ಕಾಣ್ತಿಲ್ಲ ಅಷ್ಟೇ. ಇದರ ಮೇಲೂ ಕಣ್ಣಿಡಬೇಕು" ಎಂದರು. ಐದು ವರ್ಷಕ್ಕೆ ಹಾಕಿಸುವ ಚುಚ್ಚುಮದ್ದು ಆಗಿದೆಯಾ ಎಂದು ಕೇಳಿದರು. ಆಗಿತ್ತು, ಹಾಗಾಗಿ ಧನುರ್ವಾಯುವಿಗೆ ಮತ್ತೆ ಬೇಡ ಎಂದರು.

ಚೂರನ್ನು ಚಿಮಟದಲ್ಲಿ ಹಿಡಿದು ಹಲ್ಲಿಗೆ ಹೊಂದಿಸಿ ನೋಡಿದರು. ಹೊಂದಿತು. ಆದರೆ ಒಂದು ಮೂಲೆಯಲ್ಲಿ ಅಕ್ಕಿನುಚ್ಚಿನಷ್ಟು ಜಾಗ ಖಾಲಿ. ಆ ನುಚ್ಚು ಎಲ್ಲಿ ಹೋಯಿತು? ನನಗೆ ಅದೊಂದು ಪ್ರಶ್ನೆ ಅಂತಲೇ ಅನಿಸಿರಲಿಲ್ಲ. ತುಟಿ ಸೀಳಿದ್ದರೆ ಹಲ್ಲಿನ ಚೂರು ತುಟಿಯೊಳಗೆ ಸಿಕ್ಕಿಕೊಂಡಿರಬಹುದಂತೆ. ಮೇಲೆ ಚರ್ಮ ಕೂಡಿಕೊಂಡರೆ ಒಳಗೆ ಗಂಟಾಗಿ ಕೀವು ತುಂಬುತ್ತದೆ. ತುಟಿಗೂ ಒಂದು ಎಕ್ಸ್‌ರೇ ತೆಗೆದರು. ಏನೂ ಇರಲಿಲ್ಲ, ಮಣ್ಣಿನಲ್ಲೇ ಉಳಿದಿರಬೇಕು.

ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಕ್ಸ್‌ರೇ ತೋರಿಸಿ ವಿವರಿಸಿದರು. "ತಿರುಳಿನ ಮೇಲ್ಭಾಗ ಮಾತ್ರ ಕೆಟ್ಟಿರುತ್ತೆ. ಎರಡು ಮಿಲಿಮೀಟರ್ ತೆಗೀತೀನಿ. ಅದರ ಕೆಳಗಿರೋದು ಆರೋಗ್ಯವಾಗಿದ್ರೆ ಔಷಧಿ ಇಟ್ಟು ಮುಚ್ತೀನಿ. ಅದು ಬದುಕುತ್ತೆ, ಬೇರು ಬೆಳೆಸುತ್ತೆ." ನಿನ್ನೆ ಸಂಜೆಯಿಂದ ಹದಿನೆಂಟು ಗಂಟೆ ಆಗಿಹೋಗಿದೆಯಲ್ಲ ಎಂದು ಕೇಳಿದೆ. ತೊಂದರೆಯಿಲ್ಲ ಎಂದರು. ಸ್ವೀಡನ್ನಿನ ಮಿಯೊಮಿರ್ ಸ್ವೆಕ್ ಎಂಬ ದಂತವೈದ್ಯರು ಈ ವಿಧಾನವನ್ನು 60 ಹಲ್ಲುಗಳಲ್ಲಿ ಮಾಡಿ 1978ರಲ್ಲಿ ವರದಿ ಬರೆದಿದ್ದಾರೆ. ನೂರಕ್ಕೆ 96ರಷ್ಟು ಹಲ್ಲುಗಳು ವಾಸಿಯಾಗಿದ್ದವು. ಪೆಟ್ಟು ಬಿದ್ದು ಎಷ್ಟು ಹೊತ್ತಾಯಿತು, ತೂತು ಎಷ್ಟು ದೊಡ್ಡದು ಎನ್ನುವುದು ಅವರ ಫಲಿತಾಂಶವನ್ನು ಬದಲಿಸಲಿಲ್ಲ. ಇವತ್ತಿಗೂ ಈ ಚಿಕಿತ್ಸೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಕುರ್ಚಿಯ ಮೇಲೆ ಒಂದೂವರೆ ಗಂಟೆ

ಚೂರನ್ನು ಮೊದಲೇ ಸಲೈನ್‌ನಲ್ಲಿ ಹಾಕಿಟ್ಟರು. ಕಾಗದದಲ್ಲಿ ಒಣಗಿದ್ದರಿಂದ ಕನಿಷ್ಠ ಇಪ್ಪತ್ತು ನಿಮಿಷ ನೆನೆಯಲಿ ಎಂದರು. ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ, ಆಮೇಲೆ ಇಂಜೆಕ್ಷನ್. ಅವನಿಗೆ ಸಿರಿಂಜ್ ಕಾಣದ ಹಾಗೆ ಕೈ ಕೆಳಗಿನಿಂದ ತಂದರು. ಬಾಯಿಗೆ ಒಂದು ತೆಳು ರಬ್ಬರ್ ಹಾಳೆ ಬಿಗಿದರು. ಅದರ ತೂತಿನಿಂದ ಮುಂದಿನ ಹಲ್ಲು ಮಾತ್ರ ಹೊರಗೆ. ಎಂಜಲು ಒಂದು ಹನಿಯೂ ತಾಗಬಾರದು, ಅದಕ್ಕೆ. "ಹಲ್ಲಿಗೆ ರೇನ್‌ಕೋಟ್ ಹಾಕಿದೀವಿ ಪುಟ್ಟಾ" ಎಂದರು ಡಾಕ್ಟರು.

ಹಿಂದಿನ ದಿನದ ಸಿಮೆಂಟ್ ತೆಗೆದು, ನೀರು ಚಿಮ್ಮಿಸುತ್ತ ವಜ್ರದ ಪುಡಿ ಕೂರಿಸಿದ ಸಣ್ಣ ಕೊರೆಯುವ ಮೊನೆಯಿಂದ ತಿರುಳಿನ ಮೇಲ್ಭಾಗ ತೆಗೆದರು. ರಕ್ತ ಬಂತು. ಒದ್ದೆ ಹತ್ತಿಯ ಉಂಡೆಯಿಟ್ಟು ಒತ್ತಿ ಹಿಡಿದರು. ಇದೇ ಇಡೀ ಚಿಕಿತ್ಸೆಯ ಪರೀಕ್ಷೆ ಅಂತ ಮೊದಲೇ ಹೇಳಿದ್ದರು. ಐದು ನಿಮಿಷದಲ್ಲಿ ರಕ್ತ ನಿಂತರೆ ಕೆಳಗಿನ ತಿರುಳು ಚೆನ್ನಾಗಿದೆ. ನಿಲ್ಲದಿದ್ದರೆ ಕೆಟ್ಟದ್ದು ಇನ್ನೂ ಆಳಕ್ಕಿದೆ, ಇನ್ನಷ್ಟು ತೆಗೆಯಬೇಕು. ಗೋಡೆ ಗಡಿಯಾರವನ್ನೇ ನೋಡುತ್ತ ನಿಂತಿದ್ದೆ. ಹತ್ತಿ ತೆಗೆದಾಗ ಒಳಗೆ ತಿಳಿಗೆಂಪು ಬಣ್ಣ, ಒದ್ದೆ ಅಷ್ಟೇ. ರಕ್ತ ಜಿನುಗಲಿಲ್ಲ. ಡಾಕ್ಟರು ನನ್ನ ಕಡೆ ತಲೆಯಾಡಿಸಿದರು.

ಅದರ ಮೇಲೆ ಬಯೋಡೆಂಟಿನ್ ಎಂಬ ಔಷಧಿಯ ಸಿಮೆಂಟ್ ಇಟ್ಟರು. ಮೊದಲೆಲ್ಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಡುತ್ತಿದ್ದರು, ಆಮೇಲೆ ಎಂಟಿಎ ಎಂಬ ಇನ್ನೊಂದು ಸಿಮೆಂಟ್ ಬಂತು. ಎಂಟಿಎ ಒಳ್ಳೆಯದೇ, ಆದರೆ ಮುಂದಿನ ಹಲ್ಲಿನಲ್ಲಿ ಇಟ್ಟರೆ ಬೂದು ಬಣ್ಣಕ್ಕೆ ತಿರುಗುವ ಸಂಭವ ಇದೆ ಎಂದು ಅದನ್ನು ಬಿಟ್ಟರು. ಗಟ್ಟಿಯಾಗಲು ಹತ್ತು ಹನ್ನೆರಡು ನಿಮಿಷ ಕಾದರು. ಸಿಮೆಂಟಿಗೆ ಜಾಗ ಬೇಕಲ್ಲ, ಅದಕ್ಕೆ ಚೂರಿನ ಒಳಬದಿಯನ್ನು ಸ್ವಲ್ಪ ಕೆರೆದರು. ಹಲ್ಲಿನ ಮುರಿದ ಅಂಚಿಗೆ, ಚೂರಿಗೆ ಎರಡಕ್ಕೂ ನೀಲಿ ಬಣ್ಣದ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ ತೊಳೆದರು. ಆಮ್ಲ ತಾಗಿದ ಜಾಗ ತರಿತರಿಯಾಗುತ್ತದೆ, ಅಂಟು ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಅಂಟು, ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ತುಂಬುವ ವಸ್ತುವಿನ ತೆಳು ಪದರ. ಚೂರನ್ನು ಕೂರಿಸಿ ನೀಲಿ ಬೆಳಕು ಹಿಡಿದರು. ಅಕ್ಕಿನುಚ್ಚಿನ ಜಾಗವನ್ನು ಕಾಂಪೋಸಿಟ್‌ನಿಂದಲೇ ತುಂಬಿದರು.

ಕನ್ನಡಿ ಕೊಟ್ಟಾಗ ಅವನು ಮೊದಲು ನಕ್ಕು ನೋಡಿದ, ಆಮೇಲೆ ನಾಲಿಗೆಯಿಂದ ಸವರಿದ, ಆಮೇಲೆ ಮತ್ತೆ ನಕ್ಕ. ಚೂರು ಉಳಿದ ಹಲ್ಲಿಗಿಂತ ಸ್ವಲ್ಪ ಬೆಳ್ಳಗಿತ್ತು. ಒಂದೆರಡು ವಾರದಲ್ಲಿ ಬಾಯಿಯ ತೇವಕ್ಕೆ ಸರಿಹೋಗುತ್ತದೆ ಎಂದರು. ಹಾಗೇ ಆಯಿತು.

ಆಂಟಿಬಯಾಟಿಕ್ ಕೊಡಲಿಲ್ಲ. ನೋವಿದ್ದರೆ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ಮೆತ್ತಗಿನ ಬ್ರಷ್, ಎರಡು ವಾರ ಮೆತ್ತಗಿನ ಊಟ. ಎಕ್ಸ್‌ರೇ ಎಲ್ಲ ಸೇರಿ 5,800 ರೂಪಾಯಿ ಆಯಿತು. ನಮಗೆ ಅದು ಸಣ್ಣ ದುಡ್ಡಲ್ಲ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ದಂತ ವಿಭಾಗ ಇರುತ್ತದೆ, ಅಲ್ಲಿ ಖರ್ಚು ಬಹಳ ಕಡಿಮೆ. ಹತ್ತಿರದಲ್ಲಿ ಕಾಲೇಜು ಇರುವವರು ಮೊದಲು ಅಲ್ಲಿಗೇ ಹೋಗಬಹುದು.

ಕಾಯುವ ಕೆಲಸ

ಹಲ್ಲು ಕೂಡಿತು, ಮುಗಿಯಿತು ಅಂತ ಮನೆಯವರೆಲ್ಲ ಅಂದುಕೊಂಡರು. ಡಾಕ್ಟರು ಮಾತ್ರ ಚೀಟಿಯಲ್ಲಿ ಸಾಲಾಗಿ ದಿನಾಂಕ ಬರೆದುಕೊಟ್ಟಿದ್ದರು. ಎರಡು ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ನಡುವೆ ನಾನು ನೋಡಬೇಕಾದದ್ದನ್ನೂ ಹೇಳಿದ್ದರು. ಹಲ್ಲು ಬೂದು ಬಣ್ಣಕ್ಕೆ ತಿರುಗುತ್ತದಾ, ವಸಡಿನ ಮೇಲೆ ಗುಳ್ಳೆ ಏಳುತ್ತದಾ, ಕಚ್ಚುವಾಗ ನೋವಾ, ಅಲುಗಾಡುತ್ತದಾ. ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ಅವನನ್ನು ಬೆಳಕಿಗೆ ತಿರುಗಿಸಿ ತುಟಿ ಎತ್ತಿ ನೋಡುವುದು ನಮಗೆ ಅಭ್ಯಾಸವೇ ಆಗಿಹೋಯಿತು.

ಜನವರಿಯಲ್ಲಿ ಸಂಕ್ರಾಂತಿ. ಓಣಿಯ ಮಕ್ಕಳೆಲ್ಲ ಕಬ್ಬು ಸಿಗಿಯುತ್ತಿದ್ದರೆ ಇವನಿಗೆ ಅಜ್ಜಿ ಸಿಪ್ಪೆ ತೆಗೆದು ಬೆರಳುದ್ದ ಸೀಳಿ ಕೊಟ್ಟರು. ಅದಾಗಿ ವಾರಕ್ಕೆ ಎರಡು ತಿಂಗಳ ತಪಾಸಣೆ. ಮುರಿದಿದ್ದ ಹಲ್ಲಿನ ಎಕ್ಸ್‌ರೇ ಚೆನ್ನಾಗಿತ್ತು. ಆದರೆ ಪಕ್ಕದ, ಮುರಿಯದ ಹಲ್ಲಿಗೆ ತಣ್ಣನೆ ಸ್ಪ್ರೇ ಹಾಕಿದ ಹತ್ತಿ ಇಟ್ಟಾಗ ಅವನಿಗೆ ಏನೂ ಗೊತ್ತಾಗಲಿಲ್ಲ. ನನ್ನ ಎದೆ ಧಸಕ್ ಅಂದಿತು. ಅದು ಸತ್ತಿದೆಯಾ ಎಂದೆ. "ಪೆಟ್ಟು ಬಿದ್ದ ಹಲ್ಲು ಕೆಲವು ತಿಂಗಳು ಹೀಗೆ ಸುಮ್ಮನಿರುತ್ತೆ. ಇದೊಂದನ್ನೇ ನೋಡಿ ತೀರ್ಮಾನ ಮಾಡಬಾರದು. ಬಣ್ಣ ಸರಿಯಿದೆ, ಎಕ್ಸ್‌ರೇ ಸರಿಯಿದೆ, ಕಾಯೋಣ" ಎಂದರು. ಮೂರನೇ ತಿಂಗಳಲ್ಲೂ ಹೌದೋ ಅಲ್ಲವೋ ಅನ್ನುವ ಹಾಗಿತ್ತು. ಆರನೇ ತಿಂಗಳಲ್ಲಿ ಹತ್ತಿ ತಾಗಿದ ಕೂಡಲೇ "ಆ!" ಎಂದು ಕೈ ಎತ್ತಿದ. ಮಗುವಿಗೆ ಜುಂ ಅಂದದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅವತ್ತೇ. ಎರಡನೇ ತಿಂಗಳಲ್ಲೇ ಅವಸರ ಮಾಡಿದ್ದರೆ ಚೆನ್ನಾಗಿದ್ದ ಹಲ್ಲಿಗೂ ಸುಮ್ನೆ ರೂಟ್ ಕೆನಾಲ್ ಆಗಿಬಿಡುತ್ತಿತ್ತು.

ಆರನೇ ತಿಂಗಳ ಎಕ್ಸ್‌ರೇಯಲ್ಲಿ ಔಷಧಿಯ ಕೆಳಗೆ ಬೆಳ್ಳಗಿನ ಒಂದು ಗೆರೆ ಮೂಡಿತ್ತು. ತಿರುಳು ತನ್ನ ಮೇಲೆ ತಾನೇ ಗಟ್ಟಿ ಮುಚ್ಚಳ ಕಟ್ಟಿಕೊಂಡಿದೆ ಎಂದು ಡಾಕ್ಟರು ಬೆರಳಿಟ್ಟು ತೋರಿಸಿದರು.

ಚೂರು ಮತ್ತೆ ಬಿದ್ದದ್ದು

ಹನ್ನೊಂದನೇ ತಿಂಗಳಲ್ಲಿ, ದಸರಾ ರಜೆಯಲ್ಲಿ, ಅವನು ಅರೆಗಾಯಿ ಪೇರಲೆಯನ್ನು ಮುಂದಿನ ಹಲ್ಲಿನಿಂದ ಕಚ್ಚಿದ. ಅಂಟಿಸಿದ ಚೂರು ಕಿತ್ತುಬಂತು. ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಂಟಿಸಿದ್ದು ಎಷ್ಟಾದರೂ ಅಂಟಿಸಿದ್ದೇ. ಈ ಸಲ ಯಾರಿಗೂ ಹೇಳುವ ಮುಂಚೆ ಅವನೇ ಚೂರನ್ನು ಲೋಟದ ನೀರಿಗೆ ಹಾಕಿ ಅಡುಗೆಮನೆಗೆ ತಂದ.

ಚೂರು ಎರಡಾಗಿತ್ತು, ಮತ್ತೆ ಕೂರಿಸುವ ಹಾಗಿರಲಿಲ್ಲ. ಒಳಗಿನ ಸಿಮೆಂಟ್ ಮಾತ್ರ ಅಲುಗಾಡದೆ ಕೂತಿತ್ತು. ತಿರುಳು ಭದ್ರ ಎಂದರು. ಡಾಕ್ಟರು ಕಾಂಪೋಸಿಟ್‌ನಿಂದಲೇ ಹಲ್ಲಿನ ತುದಿ ಕಟ್ಟಿದರು. ಪಕ್ಕದ ಹಲ್ಲಿನಲ್ಲಿ ಗರಗಸದ ಉಬ್ಬು ಇನ್ನೂ ಪೂರ್ತಿ ಸವೆದಿರಲಿಲ್ಲ. ಇದರಲ್ಲೂ ಅದನ್ನು ಕೆತ್ತಿದರು. ಕ್ಯಾಪ್ ಈಗಲೇ ಯಾಕೆ ಬೇಡ ಅಂತ ನನ್ನ ಗಂಡ ಕೇಳಿದರು. ಮಕ್ಕಳ ಹಲ್ಲಿನಲ್ಲಿ ತಿರುಳಿನ ಕೋಣೆ ದೊಡ್ಡದು. ಕ್ಯಾಪಿಗಾಗಿ ಸುತ್ತ ಉಜ್ಜಿದರೆ ಉಳಿಸಿಕೊಂಡದ್ದಕ್ಕೇ ಪೆಟ್ಟು. ವಸಡೂ ಇನ್ನೂ ತನ್ನ ಜಾಗ ಹಿಡಿದಿರುವುದಿಲ್ಲ. ಬೇಕಾದರೆ ಹದಿನೆಂಟರ ನಂತರ ಯೋಚಿಸಿ ಎಂದರು.

ಎರಡಾದ ಚೂರನ್ನು ಅವನು ಮನೆಗೆ ತಂದ. ಅಜ್ಜಿ ಅದನ್ನು ಸಗಣಿಯಲ್ಲಿಟ್ಟು ಅವನ ಕೈಯಿಂದಲೇ ಹೆಂಚಿನ ಮೇಲೆ ಎಸೆಸಿದರು. ಈ ಸಲ ನಾನು ತಡೆಯಲಿಲ್ಲ.

ಶಾಲೆ, ಉಬ್ಬುಹಲ್ಲು

ಮಗನ ಮೇಲಿನ ಹಲ್ಲು ಸ್ವಲ್ಪ ಮುಂದಿವೆ. ಅಳೆದಾಗ ಕೆಳಗಿನ ಹಲ್ಲಿಗಿಂತ ಏಳು ಮಿಲಿಮೀಟರ್ ಮುಂದೆ. ಎರಡು ಮೂರು ಇದ್ದರೆ ಸಹಜ. ಉಬ್ಬುಹಲ್ಲಿನ ಮಕ್ಕಳಲ್ಲಿ ತುಟಿ ಹಲ್ಲನ್ನು ಪೂರ್ತಿ ಮುಚ್ಚುವುದಿಲ್ಲ. ಬಿದ್ದಾಗ ಮೊದಲು ತಾಗುವುದು ಹಲ್ಲೇ. ಇದು ನನಗೆ ಮೊದಲೇ ಗೊತ್ತಿರಲಿಲ್ಲ, ಉಬ್ಬುಹಲ್ಲು ಬರೀ ಚೆಂದದ ವಿಷಯ ಅಂದುಕೊಂಡಿದ್ದೆ. ತಂತಿ ಹಾಕಿಸುವ ಯೋಚನೆಯನ್ನು ಬೇರು ಮುಗಿಯುವವರೆಗೆ ಮುಂದೂಡಿದೆವು.

ಶಾಲೆಯಲ್ಲಿ ಪಿಟಿ ಮೇಷ್ಟ್ರು ಖೋ ಖೋ ಕಂಬಕ್ಕೆ ಎದೆಮಟ್ಟದವರೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ನಾನು ಕೇಳಿರಲಿಲ್ಲ, ಅವರಾಗಿಯೇ ಮಾಡಿದ್ದು. ಆಫೀಸಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಮುಚ್ಚಳದ ಒಂದು ಪುಟ್ಟ ಡಬ್ಬಿ ಇಡಿಸಿದ್ದೇನೆ. ಮೇಲೆ ಚೀಟಿ: "ಮುರಿದ ಚೂರಿಗೆ ನೀರು. ಇಡೀ ಹಲ್ಲಿಗೆ ಹಾಲು." ಪೊಟ್ಟಣ ತಂದುಕೊಟ್ಟ ಹುಡುಗಿಯ ಕೈಯಲ್ಲೇ ಆ ಚೀಟಿ ಬರೆಸಿದ್ದು.

2024ರ ನವೆಂಬರ್

ಎರಡು ವರ್ಷ ತುಂಬಿದಾಗ ಮತ್ತೆ ಹೋದೆವು. ಈಗ ಹತ್ತು ವರ್ಷ ಮೂರು ತಿಂಗಳು. ಡಾಕ್ಟರು ಪರದೆಯ ಮೇಲೆ ಮೂರು ಎಕ್ಸ್‌ರೇಗಳನ್ನು ಸಾಲಾಗಿ ತೆರೆದರು. ಮೊದಲನೆಯದು ನನ್ನ ಫೋನಿನ ಫೋಟೋ, ಓರೆಯಾಗಿ, ಟ್ಯೂಬ್‌ಲೈಟಿನ ನೆರಳು ಬಿದ್ದದ್ದು. ಅದರಲ್ಲಿ ಬೇರು ಮೊಂಡು, ತುದಿ ಕಹಳೆಯ ಬಾಯಿ, ಗೋಡೆ ಕಾಗದದಷ್ಟು ತೆಳು. ಎರಡನೆಯದರಲ್ಲಿ ಉದ್ದವಾಗಿದೆ. ಮೂರನೆಯದರಲ್ಲಿ ಬೇರು ಕೊನೆಯ ಕಡೆಗೆ ಕಿರಿದಾಗುತ್ತ ಹೋಗಿ ತುದಿ ಮುಚ್ಚಿದೆ. ಗೋಡೆ ದಪ್ಪವಾಗಿದೆ. ಪಕ್ಕದ ಹಲ್ಲಿನ ಬೇರಿನ ಜೊತೆ ಹೋಲಿಸಿದರೆ ಎರಡೂ ಒಂದೇ ಉದ್ದ.

ಡಾಕ್ಟರು ಏನೂ ಹೇಳದೆ ಅಳತೆಯ ಗೆರೆ ಎಳೆದು ತೋರಿಸಿದರು. ನಾನು ಮೊದಲನೆಯದನ್ನೂ ಮೂರನೆಯದನ್ನೂ ಎಷ್ಟು ಸಲ ನೋಡಿದೆನೋ.

"ಹಾಗಾದ್ರೆ ಕಬ್ಬು ಕಚ್ಚಬಹುದಾ?" ಕುರ್ಚಿಯಿಂದ ಮಗ ಕೇಳಿದ.

"ದವಡೇಲಿ ಕಚ್ಚು ಪುಟ್ಟಾ. ಮುಂದಿನ ಹಲ್ಲಲ್ಲಿ ಬೇಡ" ಎಂದು ಡಾಕ್ಟರು ಮುಂದಿನ ವರ್ಷದ ದಿನಾಂಕವನ್ನು ಚೀಟಿಯಲ್ಲಿ ಬರೆದರು.